ವಾಕೆಡ್ ಅಲ್ಲ, ವಾಕ್ಟ್: ಇಂಗ್ಲಿಷ್ ಭೂತಕಾಲದ ಕೊನೆಯ ದನಿ

ಸಂದರ್ಶನದಲ್ಲಿ ಹಳೆಯ ಕೆಲಸದ ಬಗ್ಗೆ ಕೇಳಿದಾಗ ಅಭ್ಯರ್ಥಿಯೊಬ್ಬ 'ಐ ವರ್ಕ್ ಇನ್ ಅಕೌಂಟ್ಸ್' ಎಂದುಬಿಟ್ಟರೆ, ಎದುರಿಗೆ ಕುಳಿತವರಿಗೆ ಅವನು ಈಗಲೂ ಅಲ್ಲೇ ಇದ್ದಾನೆ ಎಂದು ಕೇಳಿಸುತ್ತದೆ. ಅದೇ ವಾಕ್ಯವನ್ನು ಬರೆಯಲು ಕೊಟ್ಟರೆ ಅವನು ಕೊನೆಗೆ ಇ-ಡಿ ಸೇರಿಸಿ ಸರಿಯಾಗಿಯೇ ಬರೆಯುತ್ತಾನೆ. ವ್ಯಾಕರಣ ಗೊತ್ತು, ಬಾಯಿಗೆ ಬರುವುದಿಲ್ಲ. ಇನ್ನು ಕೆಲವರದು ಇದಕ್ಕೆ ತದ್ವಿರುದ್ಧ. ಅವರು ಕಂಡ ಇ-ಡಿಯನ್ನೆಲ್ಲ ಓದಿಬಿಡುತ್ತಾರೆ: 'ವರ್ಕೆಡ್', 'ಆಸ್ಕೆಡ್', 'ಸ್ಟಾಪೆಡ್', 'ಲಾಫೆಡ್'. ಮೇಲ್ನೋಟಕ್ಕೆ ಎರಡು ಬೇರೆ ಬೇರೆ ತಪ್ಪುಗಳಂತೆ ಕಂಡರೂ ಬೇರು ಒಂದೇ. ಕನ್ನಡವನ್ನು ನಾವು ಬಹುಮಟ್ಟಿಗೆ ಬರೆದಂತೆ ಓದುತ್ತೇವೆ. ಇಂಗ್ಲಿಷನ್ನು ನಮ್ಮಲ್ಲಿ ಹೆಚ್ಚಿನವರು ಕಲಿತದ್ದೂ ಮಾತು ಕೇಳಿಸಿಕೊಂಡಲ್ಲ, ಪಠ್ಯಪುಸ್ತಕ ಓದಿ. ಹೀಗಾಗಿ ನಾಲಿಗೆ ಕಣ್ಣಿನ ಮಾತು ಕೇಳುತ್ತದೆ. ಕಣ್ಣಿಗೆ ಕಂಡದ್ದು ಬಾಯಲ್ಲಿ ಹೊರಳದಿದ್ದಾಗ ಅದನ್ನು ಪೂರ್ತಿ ಬಿಟ್ಟೇಬಿಡುತ್ತದೆ.

ಸ್ಪೋಕನ್ ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. ಇ-ಡಿಗೆ ಮೂರು ಉಚ್ಚಾರಣೆ, ಟ್, ಡ್, ಇಡ್. ಇಂತಿಂಥ ಅಕ್ಷರಗಳ ಮುಂದೆ ಇಂತಿಂಥದ್ದು. ಪಟ್ಟಿಯನ್ನು ಬಾಯಿಪಾಠ ಮಾಡಿ. ಪಟ್ಟಿ ಸರಿಯೇ. ಆದರೆ ಬಾಯಿಪಾಠ ಮಾಡಿದ ಪಟ್ಟಿ ಮಾತಿನ ವೇಗದಲ್ಲಿ ನೆರವಿಗೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕನ್ನಡ ಓದು ಬರಹ ಬಲ್ಲವರಿಗೆ ಆ ಪಟ್ಟಿಯೇ ಬೇಕಾಗಿಲ್ಲ. ಅವರು ಒಂದನೇ ತರಗತಿಯಲ್ಲಿ ಕಲಿತ ವರ್ಣಮಾಲೆಯೊಳಗೇ ಅದು ಅಡಗಿದೆ. ಕನ್ನಡಿಗರಿಗೆ ನಿಜವಾಗಿ ಕಷ್ಟವಾಗುವುದು ಬೇರೆ ಎರಡು ಕಡೆ, ಮತ್ತು ಪುಸ್ತಕಗಳು ಆ ಎರಡನ್ನೂ ಹೆಚ್ಚಾಗಿ ಮಾತಾಡಿಸುವುದಿಲ್ಲ.

ಮುಂದೆ ಓದುವ ಮುನ್ನ ಒಂದು ಸೂಚನೆ. ಇಲ್ಲಿ ಇಂಗ್ಲಿಷ್ ಪದಗಳನ್ನು ಕೇಳಿಸುವಂತೆ ಕನ್ನಡದಲ್ಲಿ ಬರೆದಿದೆ. ಚುಕ್ಕೆಯಿರುವ ಜ಼ ಎಂದರೆ 'ಜ಼ೂ', 'ಜ಼ೀರೋ' ಪದಗಳ ಮೊದಲ ದನಿ.

ಇ ಎಲ್ಲಿ ಹೋಯಿತು?

ಇ-ಡಿಯಲ್ಲಿರುವ ಇ ಮೊದಲಿನಿಂದಲೂ ಮೂಕವಾಗಿರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದನ್ನು ಬಾಯಿ ತುಂಬಾ ಹೇಳುತ್ತಿದ್ದರು. ಷೇಕ್ಸ್‌ಪಿಯರ್ ಕಾಲಕ್ಕೆ ಎರಡೂ ರೂಪ ಬಳಕೆಯಲ್ಲಿದ್ದವು. ಆತನ ಪದ್ಯದ ಸಾಲುಗಳಲ್ಲಿ ಛಂದಸ್ಸಿಗೆ ಬೇಕಾದ ಕಡೆ 'ಬ್ಯಾನಿಶೆಡ್' ಎಂದು ಮೂರು ತುಂಡು, ಬೇಡವಾದ ಕಡೆ 'ಬ್ಯಾನಿಶ್ಟ್' ಎಂದು ಎರಡೇ ತುಂಡು. 1712ರಲ್ಲಿ ಲೇಖಕ ಜೋನಾಥನ್ ಸ್ವಿಫ್ಟ್ ಇಂಗ್ಲಿಷ್ ಭಾಷೆಯನ್ನು ತಿದ್ದಿ ನೆಲೆಗೊಳಿಸಬೇಕೆಂದು ಪ್ರಕಟಿಸಿದ ಪ್ರಸ್ತಾವದಲ್ಲಿ, ಜನ ಈ ಸ್ವರವನ್ನು ನುಂಗಿ ವ್ಯಂಜನಗಳನ್ನು ಒತ್ತೊತ್ತಾಗಿ ತುರುಕುತ್ತಿದ್ದಾರೆ ಎಂದು ಸಿಡುಕಿದ್ದಾನೆ. ಅಂದರೆ ಇಂದು 'ವಾಕೆಡ್' ಎನ್ನುವ ಕನ್ನಡಿಗ ಒಂದು ಅರ್ಥದಲ್ಲಿ ಸ್ವಿಫ್ಟನ ಪಕ್ಷದವನು. ಪಕ್ಷ ಮಾತ್ರ ಸೋತು ಮುನ್ನೂರು ವರ್ಷವಾಯಿತು. ಮಾತಿನಿಂದ ಸ್ವರ ಹೋಯಿತು, ಕಾಗುಣಿತದಲ್ಲಿ ಉಳಿಯಿತು. ಕೆಲವು ಕ್ರಿಯಾಪದಗಳಲ್ಲಿ ಕಾಗುಣಿತವೂ ಮಾತಿನ ಹಿಂದೆಯೇ ನಡೆಯಿತು: 'ಕೀಪ್' ಎಂಬುದರ ಭೂತಕಾಲ 'ಕೆಪ್ಟ್', 'ಸ್ಲೀಪ್' ಎಂಬುದರದು 'ಸ್ಲೆಪ್ಟ್'. ಇವನ್ನು ಬರೆಯುವಾಗ ಕೊನೆಗೆ ಟಿ ಅಕ್ಷರವೇ ಇರುವುದರಿಂದ ಯಾರೂ 'ಕೆಪೆಡ್' ಎಂದು ತಪ್ಪುವುದಿಲ್ಲ. 'ಕೆಪ್ಟ್' ಹೇಳಲು ಬರುವ ಬಾಯಿಗೆ 'ಸ್ಟಾಪ್ಟ್' ಹೇಳಲು ಅಡ್ಡಿ ಏನು? ಎರಡರ ಕೊನೆಯೂ ಒಂದೇ. ಅಡ್ಡಿಯಾಗುವುದು ಕಾಗದದ ಮೇಲಿನ ಇ ಮಾತ್ರ.

ಕೊರಳು ನಡುಗುತ್ತದೆಯೋ ಇಲ್ಲವೋ

ಸ್ವರ ಬಿದ್ದುಹೋದ ಮೇಲೆ ಉಳಿದ ಡ್ ನೇರವಾಗಿ ಧಾತುವಿನ ಕೊನೆಯ ವ್ಯಂಜನಕ್ಕೆ ಅಂಟಿಕೊಳ್ಳಬೇಕಾಯಿತು. ಅಂಟಿಕೊಂಡ ಎರಡು ದನಿಗಳು ಒಂದೇ ಜಾತಿಯವಾದರೆ ಬಾಯಿಗೆ ಹಗುರ. ಗಂಟಲ ಮೇಲೆ ಬೆರಳಿಟ್ಟು 'ಸ್ಸ್ಸ್' ಎಂದು ಎಳೆಯಿರಿ, ಬಳಿಕ 'ಜ಼್ಜ಼್ಜ಼್' ಎಂದು ಎಳೆಯಿರಿ. ಮೊದಲನೆಯದಕ್ಕೆ ಗಂಟಲು ಸುಮ್ಮನಿರುತ್ತದೆ, ಎರಡನೆಯದಕ್ಕೆ ಕಂಪಿಸುತ್ತದೆ. ಕಂಪನವಿಲ್ಲದ್ದು ಅಘೋಷ, ಇರುವುದು ಘೋಷ. ಟ್ ಅಘೋಷ, ಡ್ ಘೋಷ. ಧಾತು ಅಘೋಷದಲ್ಲಿ ಮುಗಿದರೆ ಅದರ ಬೆನ್ನಿಗೆ ಬರುವ ಡ್ ಕೂಡ ಕಂಪನ ಬಿಟ್ಟು ಟ್ ಆಗುತ್ತದೆ. ಘೋಷದಲ್ಲಿ ಮುಗಿದರೆ ಡ್ ಡ್ ಆಗಿಯೇ ಇರುತ್ತದೆ. ನಿಯಮದ ಮುಕ್ಕಾಲು ಪಾಲು ಇಷ್ಟೇ.

ಇದು ನಮಗೆ ಹೊಸತೂ ಅಲ್ಲ. ಕನ್ನಡ ವ್ಯಾಕರಣದ ಪಾಠದಲ್ಲಿ ಬರುವ 'ತತ್ಸಮ', 'ತದ್ಭವ' ಎರಡರಲ್ಲೂ ಇರುವುದು ಒಂದೇ 'ತದ್'. ಮುಂದೆ ಅಘೋಷವಾದ ಸ ಬಂದಾಗ ಅದು 'ತತ್' ಆಯಿತು, ಘೋಷವಾದ ಭ ಬಂದಾಗ 'ತದ್' ಆಗಿ ಉಳಿಯಿತು. ಇಂಗ್ಲಿಷಿನ ಇ-ಡಿಗೆ ಇನ್ನೂ ಹತ್ತಿರದ ನೆಂಟ ಸಂಸ್ಕೃತದ ಭೂತಕೃದಂತ ಪ್ರತ್ಯಯ 'ತ'. ಭಾಷಾವಿಜ್ಞಾನಿಗಳ ಲೆಕ್ಕದಲ್ಲಿ ಕೃದಂತದ ಈ ಎರಡೂ ಬಾಲಗಳು ಒಂದೇ ಮೂಲದವು. ಗುಪ್ ಧಾತುವಿಗೆ ಅದು ಸೇರಿದಾಗ 'ಗುಪ್ತ', ಲಭ್ ಧಾತುವಿಗೆ ಸೇರಿದಾಗ 'ಲಬ್ಧ', ಲಿಖ್ ಧಾತುವಿಗೆ ಸೇರಿದಾಗ ನಡುವೆ ಇ ಬಂದು 'ಲಿಖಿತ'. ಮೂರು ರೂಪ ಅಲ್ಲೂ ಇವೆ. (ಒಳಗಿನ ನಿಯಮಗಳು ಇಂಗ್ಲಿಷಿನವೇ ಅಲ್ಲ. ಯುಜ್ ಧಾತು 'ಯುಕ್ತ' ಆಗುವಾಗ ಧಾತುವೇ ಪ್ರತ್ಯಯಕ್ಕೆ ಮಣಿಯುತ್ತದೆ. 'ಲಿಖಿತ'ದ ಇಕಾರಕ್ಕೂ ಬೇರೆ ಕಾರಣವಿದೆ. ಹೋಲಿಕೆಯನ್ನು ಅಷ್ಟಕ್ಕೇ ಬಿಡುವುದು ಕ್ಷೇಮ.) ನಮಗೆ ಬೇಕಾದ ಅಂಶ ಇಷ್ಟು: 'ಗುಪ್ದ' ಎಂದೋ 'ಲಬ್ತ' ಎಂದೋ ನಾವು ಎಂದೂ ಹೇಳುವುದಿಲ್ಲ. ಜೊತೆಯಾದ ಎರಡು ವ್ಯಂಜನಗಳು ಕಂಪನದಲ್ಲಿ ಒಂದಾಗಬೇಕೆಂಬುದು ನಮ್ಮ ನಾಲಿಗೆಗೆ ಗೊತ್ತು.

ವರ್ಣಮಾಲೆಯಲ್ಲಿ ನಿಯಮ

ಕ ಖ ಗ ಘ ಙ ಎಂಬ ಸಾಲಿನಲ್ಲಿ ಮೊದಲ ಎರಡು ಅಘೋಷ, ಉಳಿದ ಮೂರು ಘೋಷ. ಚ, ಟ, ತ, ಪ ಸಾಲುಗಳಲ್ಲೂ ಹೀಗೆಯೇ. ಅವರ್ಗೀಯಗಳಲ್ಲಿ ಶ, ಷ, ಸ ಅಘೋಷ. ಯ, ರ, ಲ, ವ ಘೋಷ. ಸ್ವರಗಳೆಲ್ಲ ಘೋಷ. ಇಂಗ್ಲಿಷಿಗೆ ಸೇರಿಸಬೇಕಾದ್ದು ಎರಡೇ ಹೊಸ ದನಿ: 'ಲಾಫ್' ಪದದ ಫ್ ಅಘೋಷ, ಮೇಲೆ ಹೇಳಿದ ಜ಼್ ಘೋಷ. ಇಂಗ್ಲಿಷಿನ ಮಕ್ಕಳಿಗೆ ಎ-ಬಿ-ಸಿ-ಡಿಯ ಸಾಲು ದನಿಯ ಬಗ್ಗೆ ಏನನ್ನೂ ಹೇಳಿಕೊಡುವುದಿಲ್ಲ, ನಮ್ಮ ವರ್ಣಮಾಲೆ ಎಲ್ಲವನ್ನೂ ಹೇಳಿಕೊಡುತ್ತದೆ. ಅದನ್ನು ಬಳಸಿ ನಿಯಮವನ್ನು ಹೀಗೆ ಬರೆದುಕೊಳ್ಳಬಹುದು.

1. ಧಾತುವಿನ ಕೊನೆಯ ದನಿ ಟ್ ಅಥವಾ ಡ್ ಆಗಿದ್ದರೆ ಮಾತ್ರ ಇಡ್. ವಾಂಟ್, ವೇಟ್, ಸ್ಟಾರ್ಟ್, ವಿಜ಼ಿಟ್, ನೀಡ್, ಡಿಸೈಡ್, ಅಪ್‌ಲೋಡ್ ಇವೆಲ್ಲ ಈ ಗುಂಪಿನವು: ವಾಂಟಿಡ್, ವೇಟಿಡ್, ಡಿಸೈಡಿಡ್. ಕಾರಣ ಸರಳ. ಟ್ ಆದ ಕೂಡಲೇ ಇನ್ನೊಂದು ಟ್ ಅಥವಾ ಡ್ ಹೇಳಿದರೆ, ಮುಂದೆ ಸ್ವರವಿಲ್ಲದ ಕಾರಣ, ಎರಡು ದನಿ ಎಂದು ಕಿವಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಬೇರೆಡೆ ಬಿದ್ದುಹೋದ ಸ್ವರ ಇಲ್ಲಿ ಮಾತ್ರ ಉಳಿಯಿತು. ಇದನ್ನು ಇಡ್ ಎಂದರೂ ಎಡ್ ಎಂದರೂ ಬಾಧಕವಿಲ್ಲ. ಒತ್ತು ಕೊಡದೆ ಹಗುರವಾಗಿ ಹೇಳಿದರೆ ಸಾಕು.

2. ಕೊನೆಯ ದನಿ ಬೇರೆ ಯಾವುದೇ ಅಘೋಷವಾಗಿದ್ದರೆ ಟ್. ಅಂದರೆ ಕ್, ಚ್, ಪ್, ಸ್, ಶ್, ಫ್, ಥ್: ಲುಕ್ಟ್, ವಾಚ್ಟ್, ಸ್ಟಾಪ್ಟ್, ಪಾಸ್ಟ್, ಪುಶ್ಟ್, ಲಾಫ್ಟ್.

3. ಮಿಕ್ಕ ಎಲ್ಲದಕ್ಕೂ ಡ್. ಪ್ಲೇಡ್, ಕಾಲ್ಡ್, ಓಪನ್ಡ್, ಲಿವ್ಡ್, ಚೇಂಜ್ಡ್, ರಿಮೆಂಬರ್ಡ್. 'ರಿಮೆಂಬರ್' ಪದದ ಕೊನೆಯ ರ್ ಅನ್ನು ಅಮೆರಿಕನ್ನರು ಹೇಳುತ್ತಾರೆ, ಬ್ರಿಟಿಷರಲ್ಲಿ ಹಲವರು ಬಿಡುತ್ತಾರೆ. ಬಿಟ್ಟರೆ ಉಳಿಯುವುದು ಸ್ವರ, ಅದೂ ಘೋಷವೇ.

ಪದ ಹೊಸದಾದರೂ ನಿಯಮ ತಪ್ಪುವುದಿಲ್ಲ. ವಾಟ್ಸ್ಯಾಪ್ ಮಾಡಿದ್ದು 'ವಾಟ್ಸ್ಯಾಪ್ಟ್', ಗೂಗಲ್ ಮಾಡಿದ್ದು 'ಗೂಗಲ್ಡ್', ಟೆಕ್ಸ್ಟ್ ಮಾಡಿದ್ದು 'ಟೆಕ್ಸ್ಟಿಡ್'. 1958ರಲ್ಲಿ ಅಮೆರಿಕದ ಜೀನ್ ಬರ್ಕೊ ಪ್ರಕಟಿಸಿದ ಪ್ರಸಿದ್ಧ ಅಧ್ಯಯನದಲ್ಲಿ ಎಳೆಯ ಮಕ್ಕಳಿಗೆ ಅಧ್ಯಯನಕ್ಕೆಂದೇ ಕಟ್ಟಿದ ಕ್ರಿಯಾಪದಗಳನ್ನು ಕೊಟ್ಟು ಭೂತಕಾಲ ಹೇಳಿಸಿದರು. 'ರಿಕ್' ಎಂದಾಗ ಹೆಚ್ಚಿನ ಮಕ್ಕಳು 'ರಿಕ್ಟ್' ಎಂದೂ 'ಬಿಂಗ್' ಎಂದಾಗ 'ಬಿಂಗ್ಡ್' ಎಂದೂ ಹೇಳಿದರು. ಆ ಮಕ್ಕಳಿಗೂ ತೊಡಕಾದದ್ದು ಟ್, ಡ್ ಕೊನೆಯ ಪದಗಳು. 'ಮಾಟ್' ಎಂಬುದಕ್ಕೆ 'ಮಾಟಿಡ್' ಎನ್ನಲು ಬಹಳ ಮಕ್ಕಳಿಗೆ ಹೊಳೆಯಲಿಲ್ಲ. ನಮ್ಮವರ ಸ್ಥಿತಿ ಇದರ ಉಲ್ಟಾ: ಆ ಮಕ್ಕಳಿಗೆ ಕೊನೆಗೆ ಒಲಿಯುವ ಇಡ್ ನಮಗೆ ಮೊದಲೇ ಬರುತ್ತದೆ, ಬೇಡವಾದ ಕಡೆಯೂ ಬರುತ್ತದೆ. ಅವರು ಕಿವಿಯಿಂದ ಕಲಿಯುತ್ತಾರೆ, ನಾವು ಕಾಗದದಿಂದ ಕಲಿಯುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹುಡುಕಬೇಕಿಲ್ಲ.

ಅಕ್ಷರ ನೋಡಬೇಡಿ, ದನಿ ಕೇಳಿ

ನಿಯಮದಲ್ಲಿ ಎಲ್ಲ ಕಡೆ 'ದನಿ' ಎಂದಿದೆ, 'ಅಕ್ಷರ' ಎಂದಿಲ್ಲ. 'ಲಾಫ್', 'ಕಾಫ್' ಬರೆಯುವಾಗ ಕೊನೆಗೆ ಜಿ-ಎಚ್ ಇದೆ, ಕೇಳಿಸುವುದು ಫ್, ಆದ್ದರಿಂದ ಟ್. 'ಫಿಕ್ಸ್' ಪದದ ಎಕ್ಸ್ ಮುಗಿಯುವುದು ಸ್ ದನಿಯಲ್ಲಿ, ಅದಕ್ಕೂ ಟ್. 'ಡಾನ್ಸ್' ಮತ್ತು 'ಚೇಂಜ್' ಎರಡೂ ಬರಹದಲ್ಲಿ ಇ ಅಕ್ಷರದಿಂದ ಮುಗಿಯುತ್ತವೆ, ಮಾತಿನಲ್ಲಿ ಒಂದು ಸ್, ಇನ್ನೊಂದು ಜ್. ಹಾಗಾಗಿ 'ಡಾನ್ಸ್ಟ್', 'ಚೇಂಜ್ಡ್'. 'ಹೇಟ್' ಕೂಡ ಇ ಅಕ್ಷರದಲ್ಲೇ ಮುಗಿಯುತ್ತದೆ, ಕಿವಿಗೆ ಟ್, ಅದಕ್ಕೆ ಇಡ್.

ಕನ್ನಡಿಗರು ನಿಜವಾಗಿ ಎಡವುವ ಜಾಗ ಎಸ್ ಅಕ್ಷರ. ಇಂಗ್ಲಿಷಿನ ವ್ಯಂಜನಗಳನ್ನು ನಾವು ಕನ್ನಡದ ಜಾಡಿನಲ್ಲೇ ಹೇಳಿದರೂ ಈ ನಿಯಮ ಹೆಚ್ಚಾಗಿ ಕೆಡುವುದಿಲ್ಲ, ಏಕೆಂದರೆ ಕಂಪನ ಬದಲಾಗುವುದಿಲ್ಲ. ಫ್ ಬದಲು ತುಟಿ ಮುಚ್ಚಿ ಫ ಎಂದರೂ ಅಘೋಷ, ಜ಼್ ಬದಲು ಜ್ ಎಂದರೂ ಘೋಷ. ಆದರೆ ಜ಼್ ಬದಲು ಸ್ ಎಂದರೆ ಲೆಕ್ಕ ತಪ್ಪುತ್ತದೆ. ಬಳಸು ಎಂಬ ಅರ್ಥದ ಪದ 'ಯೂಜ಼್', ನಮ್ಮಲ್ಲಿ ಅದು ಸಲೀಸಾಗಿ 'ಯೂಸ್' ಆಗಿಬಿಟ್ಟಿದೆ. ಮುಚ್ಚು ಎಂಬ ಅರ್ಥದ್ದು 'ಕ್ಲೋಜ಼್', ಹತ್ತಿರ ಎಂಬ ಅರ್ಥದ್ದು 'ಕ್ಲೋಸ್'. ಎರಡಕ್ಕೂ ಕಾಗುಣಿತ ಒಂದೇ. ರೇಜ಼್, ಪ್ಲೀಜ಼್, ಅಡ್ವೈಜ಼್ ಇವೂ ಜ಼್ ಕೊನೆಯವು, ಎಲ್ಲಕ್ಕೂ ಡ್ ಬರಬೇಕು. ಪಾಸ್, ಮಿಸ್, ಡಿಸ್ಕಸ್, ಪ್ರಾಮಿಸ್ ಇವು ಸ್ ಕೊನೆಯವು, ಟ್ ಬರಬೇಕು. ಎಸ್ ಕಂಡಲ್ಲಿ ಮಾತ್ರ ಊಹೆ ಬೇಡ, ನಿಘಂಟು ನೋಡಿ. ಮೊಬೈಲಿನಲ್ಲಿ ಪದವನ್ನು ಕೇಳಿಸುವ ನಿಘಂಟುಗಳು ಈಗ ಧಾರಾಳವಾಗಿ ಸಿಗುತ್ತವೆ.

ಬಳಸಿದ ಎಂಬುದಕ್ಕೆ 'ಯೂಜ಼್ಡ್', ಹಿಂದೆ ಹೀಗೆ ಮಾಡುತ್ತಿದ್ದೆ ಎಂಬುದಕ್ಕೆ 'ಯೂಸ್ಟು'. ಎರಡನೆಯದರಲ್ಲಿ ಹಿಂದಿನ ಜ಼್ ಮತ್ತು ಡ್ ಎರಡೂ ಮುಂದಿನ 'ಟು' ಪದದ ಟ್ ಪ್ರಭಾವಕ್ಕೆ ಸಿಕ್ಕಿ ಅಘೋಷವಾಗಿ ಒಂದಾಗಿಬಿಟ್ಟಿವೆ. ಬರಹದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಯಾವ ತಪ್ಪು ದೊಡ್ಡದು?

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಭಾರತೀಯ ಇಂಗ್ಲಿಷ್ ಎಂಬುದೇ ಒಂದಿರುವಾಗ ಲಂಡನ್ನಿನವರಂತೆ ಯಾಕೆ ಮಾತಾಡಬೇಕು? ಪ್ರಶ್ನೆ ನ್ಯಾಯವಾದದ್ದು. ನಾವು ನಾಲಿಗೆ ಮಡಿಸಿ ಹೇಳುವ ಟ, ಡ ಇಂಗ್ಲಿಷಿನವರ ಟ, ಡ ಅಲ್ಲ. ಅವರದು ಮೇಲಿನ ಹಲ್ಲಿನ ಹಿಂದಿನ ಒಸಡಿಗೆ ತಾಗುವಂಥದ್ದು. ಅದನ್ನು ಬದಲಿಸಿಕೊಳ್ಳಲೇಬೇಕೆಂದು ನಾನು ಹೇಳುವುದಿಲ್ಲ, ಅದರಿಂದ ಯಾರಿಗೂ ಅರ್ಥ ತಪ್ಪುವುದಿಲ್ಲ. ಅಷ್ಟೇ ಏಕೆ, ಭಾರತದಲ್ಲಿ ಎಷ್ಟೋ ಮಂದಿ ಸುಶಿಕ್ಷಿತರು 'ಸ್ಟಾಪ್ಟ್' ಬದಲು 'ಸ್ಟಾಪ್ಡ್' ಎನ್ನುತ್ತಾರೆ. ಅದನ್ನೂ ನಾನು ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಟ್, ಡ್ ಗೊಂದಲವಾದರೂ ಕೇಳುಗರಿಗೆ ಭೂತಕಾಲ ತಲುಪಿರುತ್ತದೆ. ಆದರೆ 'ಸ್ಟಾಪೆಡ್' ಬೇರೆಯೇ ವಿಷಯ. ಅಲ್ಲಿ ಪದಕ್ಕೆ ಇಲ್ಲದ ಒಂದು ಸ್ವರ ಸೇರಿ, ಒಂದು ತುಂಡಿನ ಪದ ಎರಡು ತುಂಡಾಗುತ್ತದೆ. ಇಂಗ್ಲಿಷ್ ಕೇಳುವ ಕಿವಿ ಪದವನ್ನು ಗುರುತಿಸುವುದೇ ಬಹುಮಟ್ಟಿಗೆ ಅದರ ತುಂಡುಗಳ ಎಣಿಕೆಯಿಂದ, ಒತ್ತಿನಿಂದ. ಲಂಡನ್, ಸಿಡ್ನಿ, ಷಿಕಾಗೊ ಎಲ್ಲಿ ಹೋದರೂ ಈ ಎಣಿಕೆ ಒಂದೇ; ಇದು ಒಬ್ಬರ ಉಚ್ಚಾರಣೆಯ ಶೈಲಿಯ ಮಾತಲ್ಲ. ಬಾಲವನ್ನು ಪೂರ್ತಿ ಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಏಕೆಂದರೆ ಅಲ್ಲಿ ಕಾಲವೇ ಬದಲಾಗುತ್ತದೆ.

ಹಾಗಾಗಿ ನಿಮ್ಮ ಶ್ರಮದ ಸರದಿ ಹೀಗಿರಲಿ: ಮೊದಲು ಬಾಲ ಬಿಡದಿರುವುದು, ಆಮೇಲೆ ಬೇಡದ ಕಡೆ ಇಡ್ ಸೇರಿಸದಿರುವುದು, ಟ್ ಮತ್ತು ಡ್ ವ್ಯತ್ಯಾಸ ಕೊನೆಗೆ. ಪುಸ್ತಕಗಳು ಇದನ್ನು ತಲೆಕೆಳಗು ಮಾಡಿ ಟ್-ಡ್ ವಿಂಗಡಣೆಯ ಪುಟಗಟ್ಟಲೆ ಅಭ್ಯಾಸ ಕೊಡುತ್ತವೆ.

ಸಂದರ್ಭದಿಂದ ಅರ್ಥವಾಗುತ್ತದಲ್ಲ, ಬಾಲ ಕೇಳಿಸದಿದ್ದರೇನು ಎಂದು ಕೇಳುವವರೂ ಇದ್ದಾರೆ. 'ಯೆಸ್ಟರ್ಡೇ' ಎಂಬ ಪದ ವಾಕ್ಯದಲ್ಲಿದ್ದರೆ ಅರ್ಥವಾಗುತ್ತದೆ, ನಿಜ. ಆದರೆ 'ವಿ ಕ್ಲೋಜ಼್ ದಿ ಅಕೌಂಟ್' ಎಂದರೆ ಖಾತೆ ಮುಚ್ಚಿಯಾಯಿತೋ, ಮುಚ್ಚುವ ಪದ್ಧತಿಯಿದೆಯೋ? 'ದೇ ಚೇಂಜ್ ದಿ ಡೇಟ್' ಎಂದರೆ ದಿನಾಂಕ ಬದಲಾಯಿತೋ, ಆಗಾಗ ಬದಲಾಯಿಸುತ್ತಿರುತ್ತಾರೋ? ಫೋನಿನಲ್ಲಿ, ಮುಖ ಕಾಣದ ಕಡೆ, ಇದು ಸಣ್ಣ ವಿಷಯವಲ್ಲ.

ಬಾಯಿಗೆ ಬರಿಸಿಕೊಳ್ಳುವುದು ಹೇಗೆ

ಬಾಲ ಬಿದ್ದುಹೋಗುವುದಕ್ಕೆ ಕಾರಣ ಕನ್ನಡದ ಪದಗಳ ಕೊನೆ. ಕನ್ನಡದ ಪದ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತದೆ. ಹೊರಗಿನಿಂದ ಬಂದ ಪದಕ್ಕೂ ನಾವು ಕೊನೆಗೊಂದು ಉಕಾರ ಕೊಟ್ಟು ಮನೆಯವನನ್ನಾಗಿ ಮಾಡಿಕೊಳ್ಳುತ್ತೇವೆ: ಬಸ್ಸು, ಕಾರು, ಬೋರ್ಡು, ಲಿಫ್ಟು. ಎರಡು ಮೂರು ವ್ಯಂಜನ ಒತ್ತಾಗಿ ಬಂದು, ಆಮೇಲೆ ಸ್ವರವೇ ಇಲ್ಲದೆ ಪದ ಮುಗಿಯುವುದು ನಮ್ಮ ಬಾಯಿಗೆ ಪರಕೀಯ. ಅದಕ್ಕೇ ಒಬ್ಬರು ನಡುವೆ ಎ ತೂರಿಸಿ 'ವಾಕೆಡ್' ಎನ್ನುತ್ತಾರೆ, ಇನ್ನೊಬ್ಬರು ಕೊನೆಗೆ ಉ ಸೇರಿಸಿ 'ವಾಕ್ಟು' ಎನ್ನುತ್ತಾರೆ, ಮತ್ತೊಬ್ಬರು ಕೊನೆಯ ವ್ಯಂಜನವನ್ನೇ ಕೈಬಿಟ್ಟು 'ವಾಕ್' ಎನ್ನುತ್ತಾರೆ. ಆದರೆ ಪದದ ನಡುವೆ ಒತ್ತಕ್ಷರ ಬಂದರೆ ನಮಗೆ ಏನೂ ಕಷ್ಟವಿಲ್ಲ. ಭಕ್ತಿ, ಗುಪ್ತ, ಶಬ್ದ ಎನ್ನಲು ಯಾರು ತಡವರಿಸುತ್ತಾರೆ? ಅಭ್ಯಾಸವನ್ನು ಇಲ್ಲಿಂದಲೇ ಶುರುಮಾಡಬೇಕು.

1. ಮುಂದಿನ ಪದ ಸ್ವರದಿಂದ ಶುರುವಾಗುವ ಜೋಡಿಗಳನ್ನು ಮೊದಲು ಹಿಡಿಯಿರಿ. 'ವರ್ಕ್ಟ್ ಇನ್' ಎಂಬುದನ್ನು ಎರಡು ಪದವೆಂದು ಮರೆತು 'ವರ್ಕ್ಟಿನ್' ಎಂದು ಒಟ್ಟಿಗೆ ಹೇಳಿ. ಹೀಗೆಯೇ 'ಸ್ಟಾಪ್ಟಿಟ್', 'ಪಿಕ್ಟಪ್', 'ಲುಕ್ಟಟ್', 'ಕಾಲ್ಡಸ್', 'ಟರ್ನ್ಡಾಫ್'. ಇಂಗ್ಲಿಷ್ ಮಾತಾಡುವವರು ನಿಜಕ್ಕೂ ಹೀಗೇ ಕೂಡಿಸುತ್ತಾರೆ, ಇದು ಬರೀ ಅಭ್ಯಾಸದ ಉಪಾಯವಲ್ಲ. ಪದಗಳನ್ನು ಬೆಸೆದು ನುಡಿಯುವುದು ಸಂಧಿ ಮಾಡಿಕೊಂಡು ಬಂದ ನಮಗೆ ಸಹಜವಾಗಿ ಒಗ್ಗುತ್ತದೆ, ಮತ್ತು ಕೊನೆಯ ವ್ಯಂಜನಕ್ಕೆ ಒಂದು ಸ್ವರದ ಆಸರೆಯೂ ಸಿಗುತ್ತದೆ. ಈ ಹಂತದಲ್ಲಿ ಹೆಚ್ಚು ದಿನ ನಿಲ್ಲಿ. ಮುಂದಿನವಕ್ಕೆಲ್ಲ ಇದೇ ತಳಪಾಯ.

2. ಬಳಿಕ, ಮೊದಲೇ ಬಾಯಿಗೆ ಬರುವ ಪದಗಳ ಜೊತೆ ಜೋಡಿ ಮಾಡಿ. 'ಗೆಸ್' ಪದದ ಭೂತಕಾಲ, 'ಗೆಸ್ಟ್ ಹೌಸ್' ಎನ್ನುವಾಗಿನ 'ಗೆಸ್ಟ್', ಎರಡೂ ಕಿವಿಗೆ ಒಂದೇ. ಕಾಗುಣಿತ ಮಾತ್ರ ಬೇರೆ. 'ಬೋರ್' ಆದದ್ದು 'ಬೋರ್ಡ್', 'ಬ್ಯಾನ್' ಮಾಡಿದ್ದು 'ಬ್ಯಾಂಡ್', 'ಪಾಸ್' ಆದದ್ದು 'ಪಾಸ್ಟ್'. 'ಲಾಫ್ಟ್' ಹೇಳಲು 'ಡ್ರಾಫ್ಟ್' ನೆನೆಸಿಕೊಳ್ಳಿ, 'ಪ್ಯಾಕ್ಟ್' ಹೇಳಲು 'ಫ್ಯಾಕ್ಟ್'.

3. ಬೆರಳಲ್ಲಿ ಮೇಜು ತಟ್ಟುತ್ತಾ ತುಂಡು ಎಣಿಸಿ. 'ವಾಕ್' ಒಂದು ತಟ್ಟು, 'ವಾಕ್ಟ್' ಕೂಡ ಒಂದೇ ತಟ್ಟು. 'ವಾಂಟ್' ಒಂದು, 'ವಾಂಟಿಡ್' ಎರಡು. 'ಫಿನಿಶ್' ಎರಡು, 'ಫಿನಿಶ್ಟ್' ಕೂಡ ಎರಡೇ. ಟ್, ಡ್ ಕೊನೆಯ ಧಾತು ಬಿಟ್ಟು ಬೇರೆಲ್ಲೂ ಎಣಿಕೆ ಹೆಚ್ಚಬಾರದು.

4. ಕೊನೆಗೆ, ನಿನ್ನೆ ಮಾಡಿದ ಕೆಲಸಗಳನ್ನು ಪುಸ್ತಕ ನೋಡದೆ ಹೇಳಿ, ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿ. ಓದುವಾಗ ಸರಿಯಾಗಿ ಬಂದದ್ದು ಮಾತಾಡುವಾಗ ತಪ್ಪುತ್ತದೆ; ಕಣ್ಣಿಗೆ ಕೆಲಸ ಕೊಡದೆ ಪರೀಕ್ಷಿಸಿದರೇ ಪ್ರಯೋಜನ.

ಅವರೇ ನುಂಗುತ್ತಾರಲ್ಲ?

ಇಂಗ್ಲಿಷ್ ಸಿನಿಮಾ ನೋಡುವವರು ಕೇಳುವ ಪ್ರಶ್ನೆಯಿದು, ಉತ್ತರ ಕೊಡಲೇಬೇಕು. ಹೌದು, ನುಂಗುತ್ತಾರೆ. ಬಾಲದ ಹಿಂದೆಯೂ ಮುಂದೆಯೂ ವ್ಯಂಜನವಿದ್ದಾಗ, 'ಲುಕ್ಟ್ ಬ್ಯಾಕ್' ಎನ್ನುವಂಥ ಕಡೆ, ವೇಗದ ಮಾತಿನಲ್ಲಿ ಟ್ ಮಾಯವಾಗುತ್ತದೆ. 'ಆಸ್ಕ್' ಪದದ ಭೂತಕಾಲ ಎಷ್ಟೋ ಸಲ 'ಆಸ್ಟ್' ಆಗುತ್ತದೆ, ನಡುವಿನ ಕ್ ಬಿದ್ದುಹೋಗುತ್ತದೆ. ಆದರೆ ಈ ನುಂಗುವಿಕೆಗೂ ಲೆಕ್ಕವಿದೆ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಮತ್ತು ಅವರ ದಾರಿಯಲ್ಲಿ ಮುಂದುವರಿದವರು ಜನರ ಸಹಜ ಮಾತನ್ನು ಧ್ವನಿಮುದ್ರಿಸಿ ನೋಡಿದಾಗ ಎರಡು ಅಂಶ ಕಂಡವು: ಮುಂದೆ ಸ್ವರವಿದ್ದರೆ ಕೊನೆಯ ಟ್, ಡ್ ಬೀಳುವುದು ಕಡಿಮೆ, ಆ ಟ್ ಅಥವಾ ಡ್ ಭೂತಕಾಲದ ಗುರುತಾಗಿದ್ದರೆ ಬೀಳುವುದು ಇನ್ನೂ ಕಡಿಮೆ. ಮಂಜು ಎಂಬ ಅರ್ಥದ 'ಮಿಸ್ಟ್' ಪದದ ಟ್ ಬೀಳುವಷ್ಟು ಸುಲಭವಾಗಿ, ತಪ್ಪಿಸಿಕೊಂಡ ಎಂಬ ಅರ್ಥದ 'ಮಿಸ್ಟ್' ಪದದ ಟ್ ಬೀಳುವುದಿಲ್ಲ. ಮಾತಾಡುವವರು ಅರಿವಿಲ್ಲದೆಯೇ ಅರ್ಥ ಹೊತ್ತ ದನಿಯನ್ನು ಕಾಪಾಡುತ್ತಾರೆ. ಕಲಿಯುವವರಿಗೆ ಇದರಿಂದ ಸಿಗುವ ವಿನಾಯಿತಿ ಇಷ್ಟು: ವ್ಯಂಜನದ ಮುಂದೆ ಬಾಲ ಮಸುಕಾದರೆ ಚಿಂತೆ ಬೇಡ, ಸ್ವರದ ಮುಂದೆ ಮಾತ್ರ ಬಿಡಬೇಡಿ. ಮೊದಲ ಹೆಜ್ಜೆಯಾಗಿ ಸ್ವರದ ಜೋಡಿಗಳನ್ನೇ ಹಿಡಿಯಲು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕೊನೆಯ ಉಕಾರ: 'ಐ ವಾಕ್ಟು ಹೋಮ್' ಎಂದಾಗ ಕೇಳುವವರಿಗೆ ಅದು 'ವಾಕ್ ಟು' ಎಂಬ ಎರಡು ಪದದಂತೆ, ಅಂದರೆ ವರ್ತಮಾನ ಕಾಲದಂತೆ ಕೇಳಿಸಬಹುದು. ಟ್ ಹೇಳಿದ ಮೇಲೆ ನಾಲಿಗೆಯನ್ನು ಅಲ್ಲೇ ತಡೆದು ನಿಲ್ಲಿಸಿದರೆ ಉ ಹೊರಡುವುದಿಲ್ಲ.

ಅತಿ ಎಚ್ಚರ: ಬಾಲ ಬಿಡಬಾರದೆಂದು ಹೊರಟವರು 'ಡಿಡ್ ನಾಟ್' ಆದ ಮೇಲೂ ಅದನ್ನು ಸೇರಿಸುತ್ತಾರೆ. 'ಡಿಡ್' ಬಂದ ಕಡೆ ಭೂತಕಾಲ ಆಗಲೇ ಬಂದಾಯಿತು. 'ಡಿಡ್ ನಾಟ್ ವರ್ಕ್' ಸಾಕು.

ಟ್, ಡ್ ಗುಂಡು ಹೊಡೆದಂತೆ ಸಿಡಿಸುವುದೂ ಬೇಡ. ಅದು ಪದದ ಅತ್ಯಂತ ಹಗುರವಾದ ಭಾಗ.

ನಿಯಮಕ್ಕೆ ಸಿಗದವು

ಸ್ವಿಫ್ಟನ ಕಾಲಕ್ಕೆ ಸೋತ ಆ ಸ್ವರ ಕೆಲವು ಗುಣವಾಚಕಗಳಲ್ಲಿ ಇನ್ನೂ ಉಳಿದುಕೊಂಡಿದೆ: ನೇಕಿಡ್, ವಿಕಿಡ್, ರೆಚಿಡ್, ಕ್ರುಕಿಡ್, ರಗಿಡ್, ಸೇಕ್ರಿಡ್. ಇವುಗಳಲ್ಲಿ ಕೊನೆಯ ಇಡ್ ಬಿಡುವಂತಿಲ್ಲ. ಕೆಲವು ಪದಗಳಿಗೆ ಎರಡು ಬಾಳು. ವಯಸ್ಸಾದ ಜನ ಎನ್ನುವಾಗ 'ಏಜಿಡ್', ಇಂತಿಷ್ಟು ವಯಸ್ಸಿನ ಎನ್ನುವಾಗ 'ಏಜ್ಡ್'. ಕಲಿತ ಎಂಬ ಕ್ರಿಯಾಪದ 'ಲರ್ನ್ಡ್' ಅಥವಾ 'ಲರ್ನ್ಟ್', ವಿದ್ವಾಂಸ ಎಂಬ ಗುಣವಾಚಕ 'ಲರ್ನಿಡ್'. ನಮ್ಮ ನ್ಯಾಯಾಲಯಗಳಲ್ಲಿ ವಕೀಲರು ಎದುರು ಪಕ್ಷದ ವಕೀಲರನ್ನು 'ಲರ್ನೆಡ್ ಕೌನ್ಸೆಲ್' ಎಂದು ಕರೆಯುವಾಗ ಸ್ವರ ಸೇರಿಸುವುದು ತಪ್ಪಲ್ಲ, ಅಲ್ಲಿ ಅದೇ ಸರಿ. ಇ-ಡಿ ಆದ ಮೇಲೆ 'ಲಿ' ಸೇರಿದ ಪದಗಳಲ್ಲೂ ಸ್ವರ ಮರಳಿ ಬರುವುದುಂಟು. ಪತ್ರಿಕೆಗಳಲ್ಲಿ ದಿನವೂ ಕಾಣುವ 'ಅಲೆಜ್ಡ್' ಎರಡು ತುಂಡಿನದು, 'ಅಲೆಜಿಡ್ಲಿ' ನಾಲ್ಕು ತುಂಡಿನದು. 'ಸಪೋಜ಼್ಡ್' ಎರಡು, 'ಸಪೋಜ಼ಿಡ್ಲಿ' ನಾಲ್ಕು. 'ಮಾರ್ಕ್ಟ್' ಒಂದು, 'ಮಾರ್ಕಿಡ್ಲಿ' ಮೂರು. ಇಂಥವು ಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು ಅಷ್ಟೇ. ನಿಯಮದ ಹಿಡಿತ ಸಿಕ್ಕ ಮೇಲೆ, ಓದುವಾಗ ಎದುರಾದಂತೆ ಒಂದೊಂದಾಗಿ ಗುರುತು ಹಾಕಿಕೊಂಡರೆ ಆಯಿತು.